ಜೇಬಿನ ತೇಪೆ

ಬಟ್ಟೆ ಸುಟ್ಟ ವಾಸನೆ ಬಂದರೆ ಈಗಲೂ ನನ್ನ ಕೈ ಬಾಯಿಗೆ ಹೋಗುತ್ತದೆ.

ಭದ್ರಾವತಿಯ ಟಾಕೀಸಿನಲ್ಲಿ ಅಂದು ಅಮ್ಮನೂ ನಾನೂ ಮ್ಯಾಟಿನಿ ನೋಡುತ್ತಿದ್ದೆವು. ಆ ಸಿನಿಮಾದ ಚಿತ್ರೀಕರಣ ನಮ್ಮೂರಿನಲ್ಲೇ, ಕಾರ್ಖಾನೆಯ ಮುಷ್ಕರದ ದಿನವೇ ನಡೆದಿತ್ತು; ಪರದೆಯ ಪ್ರೇಮಿಗಳು ಆ ನಿಜವಾದ ಮೆರವಣಿಗೆಯೊಳಗೆ ನಡೆದುಬಂದರು. ಅವರ ಹಿಂದೆಯೇ ಬಾವುಟ ಹಿಡಿದು ಅಪ್ಪ ಬರುತ್ತಿದ್ದರು. "ಅಪ್ಪಾ!" ಎಂದು ಕೂಗಿದೆ. ಅಮ್ಮ ನನ್ನ ಬಾಯಿ ಮುಚ್ಚಿದಳು. ಮುಷ್ಕರದ ದಿನ ಜ್ವರವಿತ್ತೆಂದು ಕಾರ್ಖಾನೆಗೆ ಬರೆದುಕೊಟ್ಟು ಅಪ್ಪ ಕೆಲಸ ಉಳಿಸಿಕೊಂಡಿದ್ದರು.

ಹಿಂದಿನ ಸಾಲಿನಿಂದ ಕಾರ್ಖಾನೆಯಲ್ಲಿ ಅಪ್ಪನ ಮೇಸ್ತ್ರಿಯಾಗಿದ್ದವರು ಬಗ್ಗಿದರು. "ಏನಮ್ಮಾ, ಜ್ವರದಲ್ಲೇ ನಿಮ್ಮ ಯಜಮಾನ್ರು ಹೀರೋ ಆಗ್ಬಿಟ್ರಾ?"

"ಅವರಲ್ಲ ಬಿಡಿ. ಅಂಥ ಅಂಗಿ ಊರ್ ತುಂಬ ಇದೆ," ಎಂದಳು ಅಮ್ಮ.

ಜೇಬಿಗೆ ಅವಳೇ ಹಾಕಿದ ತೇಪೆ ಪರದೆಯ ಮೇಲೆ ಸ್ಪಷ್ಟವಾಗಿ ಕಂಡಿತ್ತು.

ಮನೆಗೆ ಬಂದವಳೇ ಆ ಅಂಗಿಯನ್ನು ಬಚ್ಚಲೊಲೆಗೆ ತುರುಕಿದಳು. ಅಪ್ಪ ಪಕ್ಕದಲ್ಲಿ ಕೂತು ನೋಡುತ್ತಿದ್ದರು.

"ಹೆಂಗ್ ಕಾಣ್ತಿದ್ದೆ, ಮಾರಾಯ್ತಿ?"

ಅಮ್ಮ ಹೊಗೆಗೆ ಕಣ್ಣೊರೆಸಿಕೊಂಡಳು. "ಬಾವುಟ ನೆಟ್ಟಗಿತ್ತು ಕಣ್ರೀ."