ಹನಿ ನಿಲ್ಲದ ಕಿವಿ

ಆ ಊರಿನಲ್ಲಿ ಹದಿನೆಂಟು ತುಂಬಿದವರ ಕಿವಿಗೆ ವಿಶ್ವವಿದ್ಯಾಲಯದವರು ಬಂದು ಮೂರು ಹನಿ ಬಿಡುತ್ತಿದ್ದರು. ಸಂಜೆಯೊಳಗೆ ಸಕಲ ವಿದ್ಯೆಯೂ ತಲೆಗಿಳಿದಿರುತ್ತಿತ್ತು. ಹೂ ಕಟ್ಟುವ ತಿಪ್ಪಮ್ಮನಿಗೆ ಮಾತ್ರ ಆಗ ಕಿವಿ ಸೋರುತ್ತಿತ್ತು, ಹನಿ ನಿಲ್ಲಲಿಲ್ಲ. "ಇವಳ ಬದುಕು ಮುಗೀತು" ಎಂದು ಅವ್ವ ಎದೆ ಬಡಿದುಕೊಂಡಿದ್ದಳು.

ಆದರೆ ಎಲ್ಲರಿಗೂ ಎಲ್ಲ ಗೊತ್ತಿದ್ದ ಮೇಲೆ ಯಾರು ಯಾರಿಗೆ ಏನು ಹೇಳುವುದು? ಹೇಳುವ ಆಸೆ ತಡೆಯಲಾರದವರು ತಿಪ್ಪಮ್ಮನ ಜಗಲಿಗೆ ಬರುತ್ತಿದ್ದರು. ಒಂಟಿ ಹೆಂಗಸಿಗೆ ಅವರೇ ಬಳಗ. ಬಂದವರ ಮುಂದೆ ಕಣ್ಣರಳಿಸಿ "ಹೌದಾ!" ಎನ್ನುವುದಷ್ಟೇ ಅವಳ ಕೆಲಸ.

ಹೆಂಡತಿಯನ್ನು ಕಳೆದುಕೊಂಡಿದ್ದ ನಿವೃತ್ತ ಪೋಸ್ಟ್‌ಮಾಸ್ಟರ್ ಓಬಳೇಶಪ್ಪ ಇವತ್ತೂ ಕೊಡೆ ಮೂಲೆಗಿಟ್ಟು ಕೂತರು.

"ತಿಪ್ಪಮ್ಮ, ಆಕಾಶ ಯಾಕೆ ನೀಲಿ, ಹೇಳು ನೋಡೋಣ?"

"ಗಾಳಿಗೆ ಬಡಿದು ಬೆಳಕು ಚೆದುರುತ್ತಲ್ಲಣ್ಣ, ಅದರಲ್ಲಿ ನೀಲಿ ಜಾಸ್ತಿ."

ಕೇಳೀ ಕೇಳೀ ಬಾಯಿಗೆ ಬಂದುಬಿಟ್ಟಿತ್ತು. ಅವಳ ಬೆರಳು ದಾರದಲ್ಲೇ ನಿಂತಿತು.

"ಓಹೋ, ನಿಂಗೂ ಗೊತ್ತಾಯ್ತು ಅನ್ನು," ಎಂದು ಅವರು ಕೊಡೆ ಎತ್ತಿಕೊಂಡರು.

ಹೋದ ವಾರ ಹೀಗೇ ಅವಳ ಬಾಯಿ ಜಾರಿದ್ದಕ್ಕೆ ಇಬ್ಬರು ಬರುವುದನ್ನೇ ಬಿಟ್ಟಿದ್ದರು. ಇನ್ನು ಉಳಿದವರು ಇವರೊಬ್ಬರೇ.

"ಅಣ್ಣಾ," ತಿಪ್ಪಮ್ಮ ಕೂಗಿದಳು, "ಯಾವತ್ತೂ ಮಲ್ಲಿಗೆ ಕೇಳ್ತಿದ್ದ ಅತ್ತಿಗೆ, ತೀರಿಕೊಂಡ ದಿನ ಬೆಳಿಗ್ಗೆ ಸೇವಂತಿಗೆ ತಗೊಂಡು ಹೋದ್ರು. ಯಾಕೆ?"

ಓಬಳೇಶಪ್ಪ ಮೆಟ್ಟಿಲ ಮೇಲೆ ನಿಂತುಬಿಟ್ಟರು. ತಲೆಯೊಳಗಿನ ಮೂರು ಹನಿಯನ್ನೂ ತಡಕಿದರು.

"ಗೊತ್ತಿಲ್ಲ ಕಣಮ್ಮ."

ಆ ಮಾತನ್ನು ಆ ಊರಿನಲ್ಲಿ ಬೇರೊಬ್ಬರ ಬಾಯಿಂದ ಅವಳು ಎಂದೂ ಕೇಳಿರಲಿಲ್ಲ. ಕೊಡೆ ಮತ್ತೆ ಮೂಲೆ ಸೇರಿತು.

"ಇನ್ನೇನು ಹೇಳಿದ್ಲು ಅವತ್ತು?" ಎಂದರು ಓಬಳೇಶಪ್ಪ.

ತಿಪ್ಪಮ್ಮ ಹೂಬುಟ್ಟಿ ಸರಿಸಿ, ಅವರಿಗೆ ಹತ್ತಿರದಲ್ಲೇ ಜಾಗ ಮಾಡಿಕೊಟ್ಟಳು.