ಹಗರಿ ದಾಟಿದ ಕಾರು

ಹಗರಿ ಹೊಳೆಯ ಮರಳಿನಲ್ಲಿ ಹಿಂದಿನ ಗಾಲಿಗಳು ಅರ್ಧ ಹೂತು ಕಾರು ನಿಂತೇಬಿಟ್ಟಿತು. ಶೇಂಗಾ ವ್ಯಾಪಾರಕ್ಕೆಂದು ವಿಲಾಯಿತಿಗೆ ಹೋಗಿದ್ದ ಗೋಪಣ್ಣ ಅಲ್ಲಿಯೇ ಅದನ್ನು ಹೊಸದಾಗಿ ಕೊಂಡು, ಹಡಗಿನಲ್ಲಿ ಮದ್ರಾಸಿಗೆ, ರೈಲಿನಲ್ಲಿ ರಾಯದುರ್ಗಕ್ಕೆ ತರಿಸಿದ್ದ. ಊರು ಇನ್ನು ಕೂಗಳತೆಯ ದೂರದಲ್ಲಿತ್ತು.

ಆಚೆ ದಂಡೆಯಲ್ಲಿ ಊರ ಗೌಡರು ಎತ್ತು, ಹಗ್ಗದೊಂದಿಗೆ ಕಾದಿದ್ದರು. "ಹಡಗಿನಾಗ ಬಂದ ಗಾಡಿಗೂ ನಮ್ಮ ಎತ್ತೇ ಬೇಕಾತಲ್ಲೋ ಗೋಪಣ್ಣ," ಎಂದು ನಕ್ಕರು. ಗೋಪಣ್ಣನ ಮುಖ ಕಪ್ಪಿಟ್ಟಿತು. ಈಗ ಎತ್ತು ಕಟ್ಟಿಸಿದರೆ, ಎತ್ತು ಎಳೆದು ತಂದ ಕಾರೆಂಬ ಮಾತು ಅವನು ಸಾಯುವವರೆಗೂ ಊರಲ್ಲಿ ಉಳಿದುಬಿಡುತ್ತಿತ್ತು.

ಪಕ್ಕದಲ್ಲಿ ಕೂತಿದ್ದ ಅಕ್ಕ ಉಜ್ಜಿನಮ್ಮ ಕೆಳಗಿಳಿದಳು. ಸೀಟು ಕೊಳೆಯಾಗದಿರಲೆಂದು ತಾನೇ ಹಾಸಿದ್ದ ಎರಡು ಹೊಸ ಕಂಬಳಿಗಳನ್ನು ಎಳೆದುಕೊಂಡು, ಕೈಯಿಂದ ಮರಳು ಬಗೆದು, ಗಾಲಿಗಳ ಮುಂದೆ ಒಂದೊಂದನ್ನು ಹಾಸಿದಳು.

"ಹರಿದು ಹೋಗ್ತಾವ ಅಕ್ಕ."

"ಹರೀಲಿ. ಉಣ್ಣೆ ನಾನೇ ನೂತದ್ದು, ಮತ್ತ ನೂಲ್ತೀನಿ. ನೀ ಗಾಡಿ ಬಿಡು."

ಒರಟು ಉಣ್ಣೆಯ ಮೇಲೆ ಗಾಲಿಗೆ ಹಿಡಿತ ಸಿಕ್ಕಿತು. ಕಾರು ಒಮ್ಮೆ ಅದುರಿ, ಮರಳಿನಿಂದೆದ್ದು, ಒಂದೇ ಉಸಿರಿಗೆ ದಂಡೆ ಏರಿತು. ಗೋಪಣ್ಣ ಅದನ್ನು ಗೌಡರ ಎದುರಿಗೇ ನಿಲ್ಲಿಸಿ, ಇಳಿದು, ಹಿಂದೆ ನಡೆದು ಬಂದ ಅಕ್ಕನಿಗೆ ಬಾಗಿಲು ತೆರೆದ. ಅವಳು ಅವಸರ ಮಾಡಲಿಲ್ಲ. ಸೆರಗಿನ ಮರಳು ಕೊಡವಿ ಹತ್ತಿ ಕೂತು, ಗೌಡರ ಕಡೆ ತಿರುಗಿದಳು.

"ಎತ್ತು ಮನೀಗೆ ಹೊಡಕೊಂಡು ಹೋಗ್ರಿ ಗೌಡ್ರೇ."