ಸಾಕು ಎಂಬವರ ಅರ್ಜಿ

"ಸಾಕು!" ಎಂದರು ನ್ಯಾಯಾಧೀಶೆ, ಎಡೆಬಿಡದೆ ವಾದಿಸುತ್ತಿದ್ದ ವಕೀಲರ ಕಡೆ ಕೈಯೆತ್ತಿ. ವಕೀಲರು ಬಾಯಿ ಮುಚ್ಚಿದರು. ಹಿಂದಿನ ಬೆಂಚಿನಿಂದ ಅರ್ಜಿದಾರಳಾದ ಹೆಡ್ ನರ್ಸ್ ದಡಕ್ಕನೆ ಎದ್ದು ನಿಂತು, "ಹಾಜರಿದ್ದೀನಿ ಮೇಡಂ" ಎಂದಳು.

ಕೋರ್ಟಿಗೆ ಕೋರ್ಟೇ ಗೊಳ್ಳೆಂದು ನಕ್ಕಿತು. ನ್ಯಾಯಾಧೀಶೆಯೂ ಕನ್ನಡಕ ಒರೆಸಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದರು. ಹೆಡ್ ನರ್ಸ್ ಮಾತ್ರ ನಗಲಿಲ್ಲ. ಒಂದನೇ ಕ್ಲಾಸಿನ ಹಾಜರಿಯಿಂದಲೂ ಅವಳ ಬೆನ್ನು ಬಿಡದ ನಗೆ ಅದು. ನಾಲ್ಕನೆಯದೂ ಹೆಣ್ಣೇ ಎಂದು ರೇಗಿ ಅಪ್ಪ ಇಟ್ಟ ಹೆಸರು ಎಂದು ನೆಂಟರಿಷ್ಟರೆಲ್ಲ ಆಡಿಕೊಂಡದ್ದನ್ನು ಕೇಳಿಕೊಂಡೇ ಬೆಳೆದವಳು. ಹೇಗೋ ನುಂಗಿಕೊಂಡಿದ್ದಳು. ಆದರೆ ಬಡ್ತಿ ಸಿಕ್ಕಿದ ಮೇಲೆ ಆಸ್ಪತ್ರೆಯವರು ಅವಳ ಕೋಣೆಯ ಬಾಗಿಲಿಗೆ 'ಸಾಕು, ಹೆರಿಗೆ ವಾರ್ಡ್' ಎಂದು ಬೋರ್ಡು ಹೊಡೆಸಿದಾಗ ತಾಳ್ಮೆ ಕೆಟ್ಟಿತು. ಬಂದವರೆಲ್ಲ ಅದನ್ನು ಕುಟುಂಬ ಯೋಜನೆಯ ಜಾಹೀರಾತು ಎಂದುಕೊಂಡರು. ಒಬ್ಬನಂತೂ, "ನಮ್ಮದಿದು ಮೊದಲನೇದು ಕಣ್ರೀ, ಈಗಲೇ ಹೀಗಂದ್ರೆ ಹೇಗೆ?" ಎಂದು ಜಗಳಕ್ಕೇ ಬಂದ.

ಕೂದಲು ನೆರೆಯತೊಡಗಿದ ಹೆಂಗಸು ತನ್ನ ಹೆಸರು ಬದಲಿಸಿಕೊಳ್ಳಲು ಹೆಸರಿಟ್ಟವರ ತಕರಾರಿಲ್ಲವೆಂಬ ಸಾಕ್ಷಿ ಬೇಕಂತೆ. ಹಾಗಾಗಿ ಅಪ್ಪ ಅಮ್ಮ ಇಬ್ಬರನ್ನೂ ಕರೆತಂದಿದ್ದಳು. ಅಪ್ಪ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಸನ್ಮಾನಕ್ಕೆ ಹೊರಟವರ ಹಾಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಟಕಟೆ ಹತ್ತಿದರು.

"ಹೆಸರಿಟ್ಟಿದ್ದು ನಾನಲ್ಲ ಮೇಡಂ. ಎಲ್ಲರೂ ಸುಮ್ಮನೆ ನನ್ನನ್ನ ಬೈತಾರೆ. ಇಟ್ಟಿದ್ದು ಇವಳು, ನನ್ನ ಹೆಂಡತಿ. ಹೆರಿಗೆ ಆದಾಗ ಒಳಗೆ ಹೋಗಿ ಮಾತಾಡಿಸಿದೆ. ಗೋಡೆ ಕಡೆ ತಿರುಗಿ ಮಲಗಿದ್ದೋಳು 'ಸಾಕು' ಅಂದ್ಲು. ಹೊರಗೆ ಗುಮಾಸ್ತ ಮಗು ಹೆಸರೇನು ಅಂದ. ಸಾಕು ಅಂತ ಬರ್ಕೊಳ್ಳಿ ಅಂದೆ. ಆ ಕಾಲದಲ್ಲಿ ಹೆಂಡತಿ ಮಾತಿಗೆ ಅಷ್ಟು ಬೆಲೆ ಕೊಟ್ಟ ಗಂಡಸರು ಎಷ್ಟು ಜನ ಇದ್ರು, ನೀವೇ ಹೇಳಿ?"

"ನಿಮಗೆ ಒಟ್ಟು ಎಷ್ಟು ಮಕ್ಕಳು?"

"ಆರು ಮೇಡಂ. ದೇವರ ದಯೆ."

ಹೆಡ್ ನರ್ಸ್‌ಗೆ ಇದು ಹೊಸ ಸುದ್ದಿ. ಇಷ್ಟು ವರ್ಷ ಅಪ್ಪನ ಮೇಲೆ ಹಲ್ಲು ಕಡಿದದ್ದಾಯಿತು. ಈಗ ನೋಡಿದರೆ ತಾನು ಬೇಡವಾಗಿದ್ದದ್ದು ಅಮ್ಮನಿಗೇ? ಬೆಕ್ಕನ್ನೂ ಗದರಿಸಿ ಗೊತ್ತಿಲ್ಲದ ಈ ಅಮ್ಮನಿಗೇ? ಅವಳು ಅಮ್ಮನ ಮುಖ ನೋಡಲಾರದೆ ತಿರುಗುವ ಫ್ಯಾನನ್ನು ನೋಡುತ್ತ ಕುಳಿತಳು.

ಅಮ್ಮ ಕಟಕಟೆಯ ಕಂಬಿ ಹಿಡಿದು ನಿಂತಳು. "ಮಗಳಿಗೆ ಈ ಹೆಸರಿಟ್ಟಿದ್ದು ನೀವೇನಾ?" ಎಂದು ನ್ಯಾಯಾಧೀಶೆ ಕೇಳಿದರು.

"ಇಡಲಿಲ್ಲಮ್ಮ. ಅಂದೆ, ಅಷ್ಟೆ."

"ಮಗುಗೆ ಏನು ಹೆಸರು ಅಂತ ಕೇಳಿದಾಗ?"

"ಹೆಸರು ಯಾರು ಕೇಳಿದ್ರು? ಇವರು ಒಳಗೆ ಬಂದ್ರು. ಮಗು ಮುಖಾನೂ ನೋಡ್ಲಿಲ್ಲ. 'ಹೋಗ್ಲಿ ಬಿಡು, ಮುಂದಿನ ಸಲ ಗಂಡಾಗುತ್ತೆ' ಅಂದ್ರು. ಅದಕ್ಕೆ ಸಾಕು ಅಂದೆ." ಅಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಆಮೇಲೆ ಇನ್ನೊಂದು ಸಲ ಅನ್ನೋಣ ಅಂದ್ರೂ ಆಗ್ತಿರ್ಲಿಲ್ಲ. ಅಂದ ತಕ್ಷಣ ಮಗು ಓಡಿ ಬರೋದು, ಏನಮ್ಮಾ ಅಂತ."

ಹೇಳಿಕೆ ಟೈಪ್ ಮಾಡುತ್ತಿದ್ದವಳು ಕೈ ನಿಲ್ಲಿಸಿ ಅಮ್ಮನ ಕಡೆ ತಿರುಗಿದಳು. ಅಪ್ಪನೊಬ್ಬರೇ ಗೆದ್ದವರ ಹಾಗೆ ಸುತ್ತ ನೋಡಿ, "ನಾನು ಹೇಳ್ಲಿಲ್ವಾ ಮೇಡಂ, ಅವಳೇ ಅಂದಿದ್ದು!" ಎಂದರು.

ಹೆಡ್ ನರ್ಸ್ ಆ ಮಾತನ್ನು ವಾರ್ಡಿನಲ್ಲಿ ಎಷ್ಟೊಂದು ಹೆಂಗಸರ ಬಾಯಲ್ಲಿ ಕೇಳಿದ್ದಳು. ಹಲ್ಲು ಕಚ್ಚಿ ಅಂದವರು, ಅಳುತ್ತ ಅಂದವರು, ಗೋಡೆ ಕಡೆ ತಿರುಗಿ ಅಂದವರು. ಅವರ ಪರವಾಗಿ ಗಂಡಂದಿರ ಜೊತೆ ವಾದಕ್ಕಿಳಿದು ಮೇಲಿನವರಿಂದ ಬೈಸಿಕೊಂಡೂ ಇದ್ದಳು. ಆದರೆ ತನ್ನ ಹೆಸರು ಮೊದಲು ಯಾರ ಬಾಯಿಂದ ಬಂತು ಎಂದು ಒಂದು ದಿನವೂ ಕೇಳಿರಲಿಲ್ಲ.

ನ್ಯಾಯಾಧೀಶೆ ಮೆಲ್ಲಗೆ ಕೇಳಿದರು: "ಅರ್ಜಿ ಮುಂದುವರಿಸ್ತೀರಾ? ಇಲ್ಲಾ ಹಿಂದಕ್ಕೆ ತಗೋತೀರಾ?"

"ಮುಂದುವರಿಸ್ತೀನಿ ಮೇಡಂ," ಎಂದಳು ಹೆಡ್ ನರ್ಸ್. "ಅದು ನನ್ನ ಹೆಸರೇ ಅಲ್ಲ."

ಅರ್ಜಿ ಮಂಜೂರಾಯಿತು. ಅವಳೇ ಆರಿಸಿಕೊಂಡ ಮೂರಕ್ಷರದ ಹೆಸರನ್ನು ನ್ಯಾಯಾಧೀಶೆ ಗಟ್ಟಿಯಾಗಿ ಓದಿದರು. ಯಾರೂ ನಗಲಿಲ್ಲ.

ಮೂವರೂ ಹೊರಗೆ ಬಂದರು. ಕೋರ್ಟಿನ ಮೆಟ್ಟಿಲಿಳಿಯುತ್ತ ಅಪ್ಪನ ಮಾತು ಶುರುವಾಯಿತು. ಕೇಸು ಗೆದ್ದದ್ದೇ ತಮ್ಮ ಸಾಕ್ಷಿಯಿಂದ ಎಂದರು. ತಾವು ಆ ದಿನ ಹೆಂಡತಿಯ ಮಾತು ನಡೆಸಿಕೊಡದೆ ಇದ್ದಿದ್ದರೆ ಏನಾಗುತ್ತಿತ್ತು ಯೋಚನೆ ಮಾಡಿ ಎಂದರು. ಈಗಿನ ಗಂಡಂದಿರು ತಮ್ಮನ್ನು ನೋಡಿ ಕಲಿಯಬೇಕು ಎಂದರು. ಅಮ್ಮ ನಡುಮೆಟ್ಟಿಲಲ್ಲಿ ನಿಂತಳು.

"ಸಾಕು," ಎಂದಳು. ಕೆಳಗೆ ನೆರಳಲ್ಲಿ ನಿಂತಿದ್ದ ನಾಲ್ಕು ಜನ ತಿರುಗಿ ನೋಡುವಷ್ಟು ಗಟ್ಟಿಯಾಗಿ.

ಮಗಳು ಇದ್ದ ಜಾಗದಿಂದ ಅಲುಗಲಿಲ್ಲ. ಅಪ್ಪ ಮಾತು ನಿಲ್ಲಿಸಿ ಅವಳ ಕಡೆ ತಿರುಗಿದರು.

"ಏನೇ, ಕೇಳಿಸ್ಲಿಲ್ವಾ? ನಿಮ್ಮಮ್ಮ ನಿನ್ನ ಕರೀತಿದ್ದಾಳೆ."